3 ಬಾರ್‌ನ ಸತ್ಯ 300 ಬಾರ್‌ನಲ್ಲಿ ಸಾಲದು: ಕರಗಿದ ಪ್ಲಾಸ್ಟಿಕ್‌ನ ಹರಿವು ಅಳೆಯುವವರಿಗೆ ಹದಿಮೂರು ಸೂತ್ರಗಳು

ಹಿಂಗಾರಿನ ಹೊತ್ತಿಗೆ ನವಲಗುಂದದಿಂದ ಅಣ್ಣಿಗೇರಿ ದಾರಿ ಹಿಡಿದರೆ ಕಡಲೆ ಹೊಲಗಳ ಬದುವಿನ ಮೇಲೆ ಕರಿ ಪೈಪುಗಳು ಬಿದ್ದಿರುತ್ತವೆ. ತುಂತುರು ನೀರಾವರಿಯ ಎಚ್‌ಡಿಪಿಇ ಪೈಪುಗಳವು. ಕುಂದಗೋಳ ಕಡೆ ಮೆಣಸಿನಗಿಡದ ಸಾಲಿನಲ್ಲಿ ಡ್ರಿಪ್‌ನ ಸಣ್ಣ ಲ್ಯಾಟರಲ್, ಕಲಘಟಗಿಯಲ್ಲಿ ಬೋರ್‌ವೆಲ್‌ನಿಂದ ಗದ್ದೆಗೆ ಪಿವಿಸಿ. ಹೊಲದಲ್ಲಿ ಇವುಗಳೊಳಗೆ ನೀರು ಓಡುವುದು ಕೆಲವೇ ಕೆಜಿ ಒತ್ತಡದಲ್ಲಿ. ಪೈಪು ಹುಟ್ಟುವ ಜಾಗದ ಕಥೆ ಬೇರೆ. ಎಕ್ಸ್‌ಟ್ರೂಡರ್‌ನ ಸ್ಕ್ರೂ ಕರಗಿದ ಪ್ಲಾಸ್ಟಿಕ್ಕನ್ನು ಡೈಯೊಳಗೆ ನೂಕುವಾಗ ಅಲ್ಲಿ 100ರಿಂದ 300 ಬಾರ್ ಒತ್ತಡ ಇರುವುದು ಸಾಮಾನ್ಯ. ಅದೇ ಪೈಪಿಗೆ ಕೂಡಿಸುವ ಟೀ, ಬೆಂಡು, ನಾಝಲ್‌ಗಳನ್ನು ಮಾಡುವ ಇಂಜೆಕ್ಷನ್ ಯಂತ್ರದಲ್ಲಿ 1000 ಬಾರ್ ದಾಟುವುದೂ ಉಂಟು. ಬಾರ್ ಎಂದರೆ ಗಾಬರಿ ಬೇಡ. ನಮ್ಮ ಪಂಪ್ ಮೆಕ್ಯಾನಿಕ್ ಹೇಳುವ 'ಒಂದು ಕೆಜಿ ಪ್ರೆಶರ್'ಗೆ ಅದು ಹೆಚ್ಚುಕಡಿಮೆ ಸಮ.

ತಾರಿಹಾಳ, ಗೋಕುಲ ರಸ್ತೆ, ಬೇಲೂರು ಕೈಗಾರಿಕಾ ಪ್ರದೇಶಗಳಿಗೆ ಬೆಳಗಿನ ಬಸ್ಸು ಹಿಡಿಯುವ ನಮ್ಮ ಹಳ್ಳಿಗಳ ಡಿಪ್ಲೊಮಾ, ಬಿ.ಎಸ್ಸಿ. ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಪ್ಲಾಸ್ಟಿಕ್ ಕಾರ್ಖಾನೆಯ ಲ್ಯಾಬ್ ಸೇರುತ್ತಾರೆ, ಇಲ್ಲವೇ ಎಂ.ಎಸ್ಸಿ.ಯಲ್ಲಿ ಪಾಲಿಮರ್ ವಿಷಯ ತೆಗೆದುಕೊಳ್ಳುತ್ತಾರೆ. ಅವರಿಗೆ ಮೊದಲ ದಿನವೇ ಒಂದು ಯಂತ್ರ ತೋರಿಸಿ, ಅದರಿಂದ ಒಂದು ಸಂಖ್ಯೆ ತೆಗೆಯುವುದನ್ನು ಕಲಿಸುತ್ತಾರೆ. ಆ ಸಂಖ್ಯೆ ಯಾವ ಒತ್ತಡದ್ದು ಎಂದು ಕೇಳುವವರು ಕಡಿಮೆ. ಈ ಕಸುಬಿನಲ್ಲಿ ಮೇಲೆ ಬರುವವರು ಆ ಪ್ರಶ್ನೆ ಕೇಳುವವರೇ. ಈ ಸೂತ್ರಗಳು ಅಂಥವರಿಗಾಗಿ.

1. ಯಂತ್ರ ಅಳೆಯುವುದು ಏನನ್ನು ಎಂಬುದು ಗೊತ್ತಿರಲಿ

ಯಾವ ಕ್ಯಾಪಿಲರಿ ರಿಯೋಮೀಟರೂ ಸ್ನಿಗ್ಧತೆಯನ್ನು, ಅಂದರೆ ಹರಿವಿಗೆ ದ್ರವ ಒಡ್ಡುವ ತಡೆಯನ್ನು, ನೇರವಾಗಿ ಅಳೆಯುವುದಿಲ್ಲ. ಅದು ಅಳೆಯುವುದು ಮೂರನ್ನು: ಒತ್ತಡ, ಹರಿವು, ಉಷ್ಣತೆ. ಉಳಿದದ್ದೆಲ್ಲ ಲೆಕ್ಕ. ಯಂತ್ರದ ರಚನೆ ಚಕ್ಕುಲಿ ಒರಳಿನದೇ: ಕೊಳವೆ, ಒತ್ತುವ ಪಿಸ್ಟನ್, ತಳದಲ್ಲಿ ತೂತಿನ ಬಿಲ್ಲೆ. ಕೊಳವೆಗೆ ಬ್ಯಾರಲ್ ಎನ್ನುತ್ತಾರೆ, ಬಿಲ್ಲೆಗೆ ಡೈ. ಬ್ಯಾರಲ್ಲಿಗೆ ಸುತ್ತ ಹೀಟರ್, ಡೈಯ ಬಾಯಿಯ ಮೇಲೆ ಒತ್ತಡದ ಸೆನ್ಸರ್, ಪಿಸ್ಟನ್ನಿಗೆ ವೇಗ ಹಿಡಿದಿಡುವ ಮೋಟರ್. ಪಿಸ್ಟನ್ ವೇಗದಿಂದ ಹರಿವು ಗೊತ್ತಾಗುತ್ತದೆ. ಹರಿವಿನ ನಾಲ್ಕು ಪಟ್ಟನ್ನು ಪೈ ಮತ್ತು ತ್ರಿಜ್ಯದ ಘನದ ಗುಣಲಬ್ಧದಿಂದ ಭಾಗಿಸಿದರೆ ಗೋಡೆಯ ಬಳಿ ಪದರದ ಮೇಲೆ ಪದರ ಜಾರುವ ದರ, ಅಂದರೆ ಶಿಯರ್ ರೇಟ್. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಡೈಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಗೋಡೆಯ ಶಿಯರ್ ಸ್ಟ್ರೆಸ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಾಗ ಸ್ನಿಗ್ಧತೆ. ಕಂಪ್ಯೂಟರ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಆದರೂ ಒಮ್ಮೆ ಪೆನ್ನು ಕಾಗದ ಹಿಡಿದು ಮಾಡಿ. ಎಲ್ಲಿ ಏನು ತಪ್ಪಬಹುದು ಎಂಬುದು ಆ ಹಾಳೆಯ ಮೇಲೆಯೇ ಕಾಣುತ್ತದೆ.

2. ಎಂಎಫ್‌ಐ ಹೇಳಬಲ್ಲದ್ದನ್ನು ಮಾತ್ರ ಅದರ ಬಾಯಲ್ಲಿ ಹೇಳಿಸಿ

ಪ್ಲಾಸ್ಟಿಕ್ ಚೀಲದ ಮೇಲೆ ಬರೆದಿರುವ, ಖರೀದಿ ಮಾಡುವವರು ಕೇಳುವ, ಲ್ಯಾಬಿನವರು ದಿನಾ ತೆಗೆಯುವ ಸಂಖ್ಯೆ ಮೆಲ್ಟ್ ಫ್ಲೋ ಇಂಡೆಕ್ಸ್. ಪಾಲಿಎಥಿಲೀನ್ ಆದರೆ 190 ಡಿಗ್ರಿ ಸೆಲ್ಸಿಯಸ್, ಪಾಲಿಪ್ರೊಪಿಲೀನ್ ಆದರೆ 230. ಮೇಲೆ 2.16 ಕೆಜಿ ತೂಕ. ಕೆಳಗೆ 2.095 ಮಿಮೀ ತೂತಿನ, 8 ಮಿಮೀ ಉದ್ದದ ಡೈ. ಹತ್ತು ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯಿತೋ ಅದೇ ಎಂಎಫ್‌ಐ. ಸರಳ, ಅಗ್ಗ, ಗಟ್ಟಿ ಯಂತ್ರ. ನನಗೆ ಅದರ ಮೇಲೆ ಪ್ರೀತಿಯೇ ಇದೆ.

ಆದರೆ ಒಂದು ಲೆಕ್ಕ ಮಾಡಿ ನೋಡಿ. ಪಿಸ್ಟನ್ನಿನ ವ್ಯಾಸ ಸುಮಾರು 9.5 ಮಿಮೀ. ಅದರ ಮೇಲೆ 2.16 ಕೆಜಿ ಕೂತರೆ ಕರಗಿದ ಪ್ಲಾಸ್ಟಿಕ್ಕಿನ ಮೇಲೆ ಬೀಳುವ ಒತ್ತಡ ಸುಮಾರು 3 ಬಾರ್. ಬರೀ ಮೂರು! ಎಂಎಫ್‌ಐ 1 ಇರುವ ಪಾಲಿಎಥಿಲೀನ್ ಆ ಡೈಯಲ್ಲಿ ಇಳಿಯುವಾಗ ಶಿಯರ್ ರೇಟ್ ಸೆಕೆಂಡಿಗೆ ಎರಡೂವರೆ ಆಸುಪಾಸು. ಪೈಪಿನ ಡೈಯಲ್ಲಿ ಅದು ಹತ್ತು, ನೂರರ ಲೆಕ್ಕ. ಇಂಜೆಕ್ಷನ್ ಅಚ್ಚಿನ ಸಣ್ಣ ಗೇಟಿನಲ್ಲಿ ಸಾವಿರ, ಹತ್ತು ಸಾವಿರದ ಲೆಕ್ಕ. ಇನ್ನೊಂದು ಲೆಕ್ಕವನ್ನೂ ಹಾಕಿಬಿಡೋಣ: ಎಂಎಫ್‌ಐ 1 ಎಂದರೆ ಸ್ನಿಗ್ಧತೆ ಸುಮಾರು 8000 ಪಾಸ್ಕಲ್-ಸೆಕೆಂಡ್, ನೀರಿನ 80 ಲಕ್ಷ ಪಟ್ಟು. ಇಷ್ಟು ಗಟ್ಟಿಯಾದ ವಸ್ತು ಪೈಪಿನ ಡೈಯಲ್ಲಿ ಓಡುವುದೇ ವೇಗ ಹೆಚ್ಚಿದಂತೆ ಅದು ಸಡಿಲಾಗುವುದರಿಂದ. ಎಷ್ಟು ಬೇಗ ಸಡಿಲಾಗುತ್ತದೆ ಎಂಬುದನ್ನು ಎಂಎಫ್‌ಐ ಹೇಳುವುದಿಲ್ಲ.

ಡ್ರಿಪ್ ಲ್ಯಾಟರಲ್ ಮಾಡುವವರಿಗೆ ಇದು ಅನುಭವದ ಮಾತು. ಒಂದೇ ಎಂಎಫ್‌ಐ ಇರುವ ಎಲ್‌ಡಿಪಿಇ ಮತ್ತು ಎಲ್‌ಎಲ್‌ಡಿಪಿಇ ಎರಡನ್ನೂ ಒಂದೇ ಯಂತ್ರಕ್ಕೆ ಹಾಕಿ. ಎಲ್‌ಎಲ್‌ಡಿಪಿಇ ಬಂದ ಕೂಡಲೇ ಮೋಟರ್ ನರಳುತ್ತದೆ, ಡೈ ಒತ್ತಡ ಏರುತ್ತದೆ. ಉದ್ದ ಕೊಂಬೆಗಳಿರುವ ಎಲ್‌ಡಿಪಿಇ ವೇಗಕ್ಕೆ ಬೇಗ ಸಡಿಲಾಗುತ್ತದೆ. ಎಲ್‌ಎಲ್‌ಡಿಪಿಇ ಅಷ್ಟು ಸಡಿಲಾಗುವುದಿಲ್ಲ. ಚೀಲದ ಮೇಲಿನ ಸಂಖ್ಯೆ ಒಂದೇ, ನಡತೆ ಬೇರೆ.

ಹಾಗಾದರೆ ಎಂಎಫ್‌ಐ ಯಂತ್ರ ಒಂದೇ ಇರುವ ಸಣ್ಣ ಲ್ಯಾಬ್ ಏನು ಮಾಡಬೇಕು? ದಾರಿ ಇದೆ, ಅದೂ ನಮ್ಮ ಹೆದ್ದಾರಿಯ ಮೇಲೆಯೇ ಹುಟ್ಟಿದ್ದು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಶೆಣೈ, ಚಟ್ಟೋಪಾಧ್ಯಾಯ ಮತ್ತು ನಾಡಕರ್ಣಿ 1983ರಲ್ಲಿ ಎಂಎಫ್‌ಐ ಒಂದರಿಂದಲೇ ಇಡೀ ಹರಿವಿನ ರೇಖೆಯನ್ನು ಅಂದಾಜು ಮಾಡುವ ವಿಧಾನ ಪ್ರಕಟಿಸಿದರು. ಒಂದೇ ಜಾತಿಯ ಪ್ಲಾಸ್ಟಿಕ್‌ಗಳ ರೇಖೆಗಳನ್ನು ಎಂಎಫ್‌ಐಯಿಂದ ಸರಿಹೊಂದಿಸಿದರೆ ಅವೆಲ್ಲ ಒಂದರ ಮೇಲೊಂದು ಕೂಡುತ್ತವೆ ಎಂಬುದು ಅದರ ತಿರುಳು. ಅಂದಾಜಿಗೆ ಬಹಳ ಒಳ್ಳೆಯದು. ತೀರ್ಪಿಗೆ ಸಾಲದು, ಯಾಕೆಂದರೆ ಅದರಲ್ಲಿ ಒತ್ತಡದ ಪಾತ್ರ ಇಲ್ಲ.

3. ಒತ್ತಡದ ಬೆಲೆ ಎಷ್ಟೆಂದು ಮೊದಲೇ ಲೆಕ್ಕ ಹಾಕಿ

ಒತ್ತಿದರೆ ಅಣುಗಳ ನಡುವಿನ ಖಾಲಿ ಜಾಗ ಕಡಿಮೆಯಾಗುತ್ತದೆ. ಸರಿದಾಡಲು ಜಾಗವಿಲ್ಲದೆ ದ್ರವ ಗಟ್ಟಿಯಾಗುತ್ತದೆ. ಕಾರ್ಲ್ ಬ್ಯಾರಸ್ 1893ರಲ್ಲಿ ಹಡಗಿನ ಬಿರುಕು ಮುಚ್ಚುವ ಅಂಟನ್ನು ಒತ್ತಿ ಇದನ್ನು ತೋರಿಸಿದ. 1926ರಲ್ಲಿ ಪರ್ಸಿ ಬ್ರಿಜ್‌ಮನ್ 43 ಶುದ್ಧ ದ್ರವಗಳನ್ನು ಚದರ ಸೆಂಟಿಮೀಟರಿಗೆ 12,000 ಕೆಜಿವರೆಗೆ ಒತ್ತಿ ಅಳೆದ. ಅಧಿಕ ಒತ್ತಡದ ಭೌತಶಾಸ್ತ್ರಕ್ಕಾಗಿ 1946ರಲ್ಲಿ ಅವನಿಗೆ ನೊಬೆಲ್ ಬಂತು. ಅವನ ಪಟ್ಟಿಯಲ್ಲಿ ಹಟಮಾರಿ ಒಂದೇ: ನೀರು. ತಣ್ಣಗಿರುವ ನೀರನ್ನು ಒತ್ತಿದರೆ ಮೊದಮೊದಲು ಅದು ಇನ್ನಷ್ಟು ತೆಳುವಾಗುತ್ತದೆ.

ಪ್ಲಾಸ್ಟಿಕ್‌ಗೆ ಇಂದು ಬಳಸುವ ಸೂತ್ರ ಘಾತದ್ದು: ಒತ್ತಡವನ್ನು ಬೀಟಾ ಎಂಬ ಗುಣಾಂಕದಿಂದ ಗುಣಿಸಿ, ಬಂದದ್ದನ್ನು ಇ ಸಂಖ್ಯೆಯ ಘಾತವಾಗಿ ಇಡಿ. ಎಚ್‌ಡಿಪಿಇಗೆ ಬೀಟಾ ಪ್ರತಿ ಗಿಗಾಪಾಸ್ಕಲ್‌ಗೆ ಸುಮಾರು 10 ಎಂದು ಹಿಡಿದರೆ, 1000 ಬಾರ್‌ನಲ್ಲಿ ಸ್ನಿಗ್ಧತೆ 2.7 ಪಟ್ಟು. ಪಾಲಿಸ್ಟೈರೀನ್‌ಗೆ 30 ಎಂದು ಹಿಡಿದರೆ ಅದೇ 1000 ಬಾರ್‌ನಲ್ಲಿ 20 ಪಟ್ಟು! ಪಾಲಿಸ್ಟೈರೀನ್‌ನ ಸರಪಳಿಗೆ ದಪ್ಪ ಉಂಗುರಗಳು ನೇತಾಡುತ್ತಿರುತ್ತವೆ, ಅದನ್ನು ಹರಿಸುವ ಉಷ್ಣತೆಗೆ ಅದು ಗಾಜಾಗುವ ಉಷ್ಣತೆಯೂ ಹತ್ತಿರ. ಜಾಗ ಸ್ವಲ್ಪ ಕಡಿಮೆಯಾದರೂ ಉಸಿರುಗಟ್ಟುತ್ತದೆ. ಪಾಲಿಎಥಿಲೀನ್ ನೂಲಿನಂಥ ಸರಪಳಿ, ಹೇಗೋ ನುಸುಳುತ್ತದೆ.

ಇದರಿಂದ ಕೆಲಸದ ತೀರ್ಮಾನ ಒಂದು. 200 ಬಾರ್‌ನಲ್ಲಿ ಎಚ್‌ಡಿಪಿಇ ಪೈಪು ತೆಗೆಯುವವರಿಗೆ ಒತ್ತಡದ ಪ್ರಭಾವ ಶೇ. 20 ಆಸುಪಾಸು, ಮರೆತರೆ ಮುಳುಗುವುದಿಲ್ಲ. ತೆಳು ಗೋಡೆಯ ಪಾಲಿಸ್ಟೈರೀನ್ ಅಥವಾ ಪಾಲಿಕಾರ್ಬೊನೇಟ್ ಅಚ್ಚು ತುಂಬುವವರು ಮರೆತರೆ ಅಚ್ಚು ಅರ್ಧಕ್ಕೇ ನಿಲ್ಲುತ್ತದೆ. ಎಲ್ಲದಕ್ಕೂ ಒಂದೇ ಮದ್ದು ಅರೆಯಬೇಡಿ.

4. ಡೈಯ ತೂತನ್ನು ನಂಬಬೇಡಿ, ಅಳೆಯಿರಿ

ಸ್ನಿಗ್ಧತೆಯ ಲೆಕ್ಕದಲ್ಲಿ ತ್ರಿಜ್ಯ ನಾಲ್ಕನೇ ಘಾತದಲ್ಲಿ ಬರುತ್ತದೆ. 1 ಮಿಮೀ ತೂತು ಸವೆದು 1.02 ಆದರೆ ಉತ್ತರದಲ್ಲಿ ಶೇ. 8 ತಪ್ಪು. ಗಾಜಿನ ನಾರು, ಸುಣ್ಣದ ಪುಡಿ ಬೆರೆತ ಪ್ಲಾಸ್ಟಿಕ್ ಡೈಯನ್ನು ಬೇಗ ತಿನ್ನುತ್ತದೆ. ಅಂಥದ್ದಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಡೈ ಇಟ್ಟುಕೊಳ್ಳಿ. ತೂತು ಅಳೆಯುವ ಗೇಜ್ ಪಿನ್ ಅಗ್ಗ.

5. ಸೆನ್ಸರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ಭ್ರಮೆ

1000 ಬಾರ್‌ನ ಸೆನ್ಸರ್ ತನ್ನ ಪೂರ್ಣ ಮಾಪನದ ಶೇ. 0.5 ನಿಖರ ಎಂದರೆ ಎಲ್ಲ ಕಡೆ 5 ಬಾರ್ ಹೆಚ್ಚುಕಡಿಮೆ. 500 ಬಾರ್ ಓದುವಾಗ ಅದು ಶೇ. 1, ಸಹಿಸಬಹುದು. 20 ಬಾರ್ ಓದುವಾಗ ಶೇ. 25. ನಿಧಾನ ವೇಗದ ಅಳತೆಗೆ ಸಣ್ಣ ಸೆನ್ಸರ್, ಜೋರು ವೇಗಕ್ಕೆ ದೊಡ್ಡದು. ಇನ್ನೊಂದು ಎಚ್ಚರಿಕೆ: ಬ್ಯಾರಲ್ ತಣ್ಣಗಿರುವಾಗ ಪಿಸ್ಟನ್ ಒತ್ತಬೇಡಿ, ಸೆನ್ಸರಿನ ತೆಳು ಪೊರೆಯ ಮೇಲೆ ಗಟ್ಟಿಯಾದ ಪ್ಲಾಸ್ಟಿಕ್ಕನ್ನು ಕೆರೆಯಬೇಡಿ. ಸೆನ್ಸರ್ ಸಾಯುವುದು ಹೆಚ್ಚಾಗಿ ಹೀಗೆಯೇ.

6. ಒಂದೇ ಡೈಯಿಂದ ಪಂಚಾಯ್ತಿ ಮುಗಿಸಬೇಡಿ

ಸ್ವಲ್ಪ ನಿಂತು ಓದಬೇಕಾದ ಸೂತ್ರ ಇದೇ. ಅಗಲವಾದ ಬ್ಯಾರಲ್ಲಿನಿಂದ ಸಣ್ಣ ತೂತಿಗೆ ನುಗ್ಗುವಾಗಲೇ ಕರಗಿದ ಪ್ಲಾಸ್ಟಿಕ್ ಜಗ್ಗಿ ಹಿಗ್ಗಿ ಒತ್ತಡ ತಿನ್ನುತ್ತದೆ. ಸೆನ್ಸರ್ ತೋರಿಸುವ ಸಂಖ್ಯೆಯಲ್ಲಿ ಅದೂ ಸೇರಿರುತ್ತದೆ. ಡೈ ಗಿಡ್ಡವಿದ್ದರೆ ಈ ಪಾಲು ದೊಡ್ಡದು. ಎಂಎಫ್‌ಐ ಡೈ ಅಂಥ ಗಿಡ್ಡ ಡೈಯೇ.

ಇದನ್ನು ಕಳೆಯುವ ದಾರಿಯನ್ನು ಇ. ಬಿ. ಬ್ಯಾಗ್ಲಿ 1957ರಲ್ಲಿ ತೋರಿಸಿದರು. ವ್ಯಾಸ ಒಂದೇ ಇರುವ, ಉದ್ದ ಮಾತ್ರ ಬೇರೆ ಬೇರೆ ಇರುವ ಮೂರು ಡೈ ತೆಗೆದುಕೊಳ್ಳಿ: ವ್ಯಾಸದ 10 ಪಟ್ಟು, 20 ಪಟ್ಟು, 30 ಪಟ್ಟು. ಸಾಧ್ಯವಾದರೆ ಉದ್ದವೇ ಇಲ್ಲದಂಥ ಇನ್ನೊಂದು. ಒಂದೇ ವೇಗದಲ್ಲಿ ನಾಲ್ಕನ್ನೂ ಓಡಿಸಿ. ಅಡ್ಡಕ್ಕೆ ಉದ್ದ-ವ್ಯಾಸದ ಅನುಪಾತ, ಲಂಬಕ್ಕೆ ಒತ್ತಡ ಇಟ್ಟು ಗೀಟು ಎಳೆಯಿರಿ. ಉದ್ದ ಸೊನ್ನೆ ಇರುವಲ್ಲಿ ಗೀಟು ಎಷ್ಟು ಎತ್ತರಕ್ಕೆ ಮುಟ್ಟುತ್ತದೋ ಅಷ್ಟು ಒತ್ತಡ ಬಾಗಿಲಲ್ಲೇ ಖರ್ಚು. ಅದನ್ನು ಕಳೆಯಿರಿ.

ಇಲ್ಲಿಯವರೆಗೆ ಎಲ್ಲ ಪಠ್ಯಪುಸ್ತಕದಲ್ಲಿದೆ. ಜಾಣರು ಇನ್ನೊಂದನ್ನು ನೋಡುತ್ತಾರೆ: ಗೀಟು ನೇರವಾಗಿದೆಯೇ? ಉದ್ದ ಹೆಚ್ಚಾದಂತೆ ಗೀಟು ಮೇಲಕ್ಕೆ ಬಾಗಿದರೆ ಒತ್ತಡವೇ ಪ್ಲಾಸ್ಟಿಕ್ಕನ್ನು ಗಟ್ಟಿ ಮಾಡುತ್ತಿದೆ ಎಂದರ್ಥ. ಉದ್ದ ಡೈಗೆ ಹೆಚ್ಚು ಒತ್ತಡ, ಹೆಚ್ಚು ಒತ್ತಡಕ್ಕೆ ಹೆಚ್ಚು ಸ್ನಿಗ್ಧತೆ, ಅದಕ್ಕೆ ಮತ್ತೂ ಹೆಚ್ಚು ಒತ್ತಡ. ಬೇರೆ ಯಾವ ಉಪಕರಣವೂ ಬೇಕಿಲ್ಲ. ಸಾಮಾನ್ಯ ಯಂತ್ರದಿಂದಲೇ ಒತ್ತಡದ ಸುಳಿವು ಸಿಕ್ಕಂತಾಯಿತು. ಬಾಗಿದ ಗೀಟನ್ನು ಕಂಡು 'ಪ್ರಯೋಗ ಕೆಟ್ಟಿತು' ಎಂದು ಮೂರನೆಯ ಬಿಂದುವನ್ನು ಅಳಿಸಿ ನೇರ ಗೀಟು ಎಳೆಯುವವರಿದ್ದಾರೆ. ವರದಿಯಲ್ಲಿ ಅಂದವಾಗಿ ಕಾಣುತ್ತದೆ. ಅಳಿಸಿದ್ದು ಮಾತ್ರ ಇಡೀ ಪ್ರಯೋಗದ ಅತ್ಯಂತ ಬೆಲೆಯ ಬಿಂದು.

ಬ್ಯಾಗ್ಲಿ ಆದಮೇಲೆ ರಾಬಿನೊವಿಚ್ ತಿದ್ದುಪಡಿ. ನೀರಿನಂಥ ದ್ರವಕ್ಕೆಂದು ಹುಟ್ಟಿದ ಶಿಯರ್ ರೇಟ್ ಸೂತ್ರ ವೇಗಕ್ಕೆ ಸಡಿಲಾಗುವ ಪ್ಲಾಸ್ಟಿಕ್‌ಗೆ ಕಡಿಮೆ ತೋರಿಸುತ್ತದೆ. ವೇಗಕ್ಕೆ ಎಷ್ಟು ಸಡಿಲಾಗುತ್ತದೆ ಎಂಬುದನ್ನು ಹೇಳುವ ಪವರ್ ಲಾ ಸೂಚ್ಯಂಕ 0.4 ಇದ್ದರೆ ನಿಜವಾದ ದರ ತೋರಿದ್ದರ 1.375 ಪಟ್ಟು. ಕ್ರಮ ತಪ್ಪಿಸಬೇಡಿ: ಮೊದಲು ಬ್ಯಾಗ್ಲಿ, ಆಮೇಲೆ ರಾಬಿನೊವಿಚ್.

7. ಬಿಸಿ ಮತ್ತು ಒತ್ತಡ ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತವೆ

ಒತ್ತಡ ಇಳಿಯುವುದೆಂದರೆ ಶಕ್ತಿ ಬಿಸಿಯಾಗುವುದು. ಪಾಲಿಎಥಿಲೀನ್ ಡೈಯೊಳಗೆ 100 ಬಾರ್ ಕಳೆದುಕೊಂಡು, ಆ ಬಿಸಿಯೆಲ್ಲ ಅದರಲ್ಲೇ ಉಳಿದರೆ, ಉಷ್ಣತೆ ಸುಮಾರು 5 ಡಿಗ್ರಿ ಏರುತ್ತದೆ. 500 ಬಾರ್‌ಗೆ 25 ಡಿಗ್ರಿ. ಗೋಡೆ ಒಂದಷ್ಟನ್ನು ಹೀರಿಕೊಳ್ಳುತ್ತದೆ, ಆದರೆ ಎಲ್ಲವನ್ನೂ ಅಲ್ಲ. ಬಿಸಿಯಾದರೆ ಸ್ನಿಗ್ಧತೆ ಇಳಿಯುತ್ತದೆ: ಎಚ್‌ಡಿಪಿಇಯಲ್ಲಿ ಡಿಗ್ರಿಗೆ ಸುಮಾರು ಶೇ. 1.5, ಪಾಲಿಸ್ಟೈರೀನ್‌ನಲ್ಲಿ ಇದರ ಹಲವು ಪಟ್ಟು.

ಈಗ ನೋಡಿ. ಒತ್ತಡ ಸ್ನಿಗ್ಧತೆಯನ್ನು ಏರಿಸುತ್ತಿದೆ, ಬಿಸಿ ಇಳಿಸುತ್ತಿದೆ. ಎರಡೂ ಸಮವಾಗಿ ಎಳೆದಾಡಿದರೆ ಬ್ಯಾಗ್ಲಿ ಗೀಟು ನೆಟ್ಟಗೆ ನಿಲ್ಲುತ್ತದೆ, ನೀವು 'ಒತ್ತಡದ ಪ್ರಭಾವವೇ ಇಲ್ಲ' ಎಂದು ಬರೆದುಬಿಡುತ್ತೀರಿ. ನೆಟ್ಟಗಿನ ಗೀಟೂ ಕೆಲವೊಮ್ಮೆ ಎರಡು ತಪ್ಪುಗಳ ರಾಜಿ. ನಿಧಾನ ವೇಗದಲ್ಲಿ ಮತ್ತೊಮ್ಮೆ ಓಡಿಸಿ ನೋಡಿದರೆ ರಾಜಿ ಬಯಲಾಗುತ್ತದೆ, ಏಕೆಂದರೆ ಅಲ್ಲಿ ಗೋಡೆಗೆ ಬಿಸಿ ಹೀರಲು ಸಮಯ ಸಿಗುತ್ತದೆ.

8. ಮುಂದಿನಿಂದ ಒತ್ತಿದ್ದು ಸಾಲದಿದ್ದರೆ ಹಿಂದಿನಿಂದಲೂ ಒತ್ತಿ

ಒತ್ತಡದ ಪ್ರಭಾವವನ್ನೇ ಬೇರ್ಪಡಿಸಿ ಅಳೆಯಬೇಕೆಂದರೆ ಡೈಯ ಕೆಳಗೆ ಇನ್ನೊಂದು ಕೋಣೆ, ಅದರ ಬಾಯಿಗೆ ಸೂಜಿ ವಾಲ್ವ್. ವಾಲ್ವ್ ಬಿಗಿ ಮಾಡುತ್ತ ಹೋದಂತೆ ಡೈಯ ಎರಡೂ ಬದಿಯ ಒತ್ತಡ ಏರುತ್ತದೆ. ಹರಿವಿನ ವೇಗ ಅದೇ, ಸರಾಸರಿ ಒತ್ತಡ ಮಾತ್ರ ಬೇರೆ. ಮೇಲೊಂದು ಕೆಳಗೊಂದು ಸೆನ್ಸರ್. ಸ್ನಿಗ್ಧತೆಯ ಲಾಗರಿದಮ್ಮನ್ನು ಸರಾಸರಿ ಒತ್ತಡದ ಎದುರು ಇಟ್ಟರೆ ಗೀಟಿನ ಇಳಿಜಾರೇ ಬೀಟಾ.

ಬೀಟಾ ಬರೆಯುವಾಗ ಶಿಯರ್ ರೇಟ್ ಒಂದೇ ಇಟ್ಟಿದ್ದೀರೋ, ಶಿಯರ್ ಸ್ಟ್ರೆಸ್ ಒಂದೇ ಇಟ್ಟಿದ್ದೀರೋ ಹೇಳಲೇಬೇಕು. ಪವರ್ ಲಾ ಸೂಚ್ಯಂಕ 0.4 ಇರುವ ಪ್ಲಾಸ್ಟಿಕ್‌ಗೆ ಮೊದಲನೆಯ ಬೀಟಾ ಎರಡನೆಯದರ ಅರ್ಧಕ್ಕಿಂತ ಕಡಿಮೆ. ಎರಡು ಲ್ಯಾಬ್‌ಗಳ ಉತ್ತರ ಹೊಂದುತ್ತಿಲ್ಲ ಎಂಬ ಜಗಳ ಶುರುವಾದರೆ ಮೊದಲು ನೋಡಬೇಕಾದ್ದು ಇದನ್ನು.

ಮತ್ತೊಂದು: ಒತ್ತಡ ಏರಿದರೆ ಕರಗುವ ಉಷ್ಣತೆಯೂ ಏರುತ್ತದೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ನಂಥ ಸ್ಫಟಿಕ ಕಟ್ಟುವ ಪ್ಲಾಸ್ಟಿಕ್‌ಗಳಿಗೆ 1000 ಬಾರ್‌ಗೆ ಇಪ್ಪತ್ತು ಮೂವತ್ತು ಡಿಗ್ರಿ ಲೆಕ್ಕ. ಕಡಿಮೆ ಬಿಸಿಯಲ್ಲಿ ಜೋರಾಗಿ ಒತ್ತಿದರೆ ಕರಗಿದ್ದು ಡೈಯೊಳಗೇ ಮತ್ತೆ ಗಟ್ಟಿಯಾಗಬಹುದು. ಹರಿವು ನಿಂತು ಒತ್ತಡ ದಿಢೀರ್ ಏರಿದರೆ ಪಿಸ್ಟನ್ ನಿಲ್ಲಿಸಿ, ಆಮೇಲೆ ಯೋಚಿಸಿ.

9. ಕಾಯಿರಿ, ಆದರೆ ಹೆಚ್ಚು ಕಾಯಬೇಡಿ

ಬ್ಯಾರಲ್ ತುಂಬಿದ ಕರಗು ಒತ್ತಿದಾಗ ಕುಗ್ಗುತ್ತದೆ. 1000 ಬಾರ್‌ಗೆ ಶೇ. 5ಕ್ಕಿಂತ ಹೆಚ್ಚು. ಅದು ಕುಗ್ಗಿ ಮುಗಿಯುವವರೆಗೆ ಡೈಯಿಂದ ಬರುವ ಹರಿವು ಪಿಸ್ಟನ್ ಹೇಳುವ ಹರಿವಲ್ಲ. ಒತ್ತಡದ ಗೀಟು ಮಟ್ಟಸವಾಗುವ ತನಕ ಓದಬಾರದು. ನಿಧಾನ ವೇಗದಲ್ಲಿ ಇದಕ್ಕೆ ನಿಮಿಷಗಟ್ಟಲೆ ಬೇಕು.

ಕಾದರೆ ಇನ್ನೊಂದು ತೊಂದರೆ. ಬಿಸಿಯಲ್ಲಿ ಕೂತ ಪಾಲಿಮರ್ ಬದಲಾಗುತ್ತದೆ: ಪಾಲಿಪ್ರೊಪಿಲೀನ್ ಸರಪಳಿ ತುಂಡಾಗಿ ತೆಳುವಾಗುತ್ತದೆ, ಪಾಲಿಎಥಿಲೀನ್ ಸರಪಳಿಗಳು ಒಂದಕ್ಕೊಂದು ಕೂಡಿ ಗಟ್ಟಿಯಾಗಬಹುದು. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಅರಗು ಬಳಿಯುವ ಮನೆತನಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅರಗು ಹಿತವಾದ ಬಿಸಿಗೆ ಮೆತ್ತಗಾಗಿ ಹರಿಯುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ತನ್ನೊಳಗೇ ಬೆಸೆದುಕೊಂಡು ಮತ್ತೆಂದೂ ಕರಗದ ಹೆಂಟೆಯಾಗುತ್ತದೆ. ಅರಗೂ ಒಂದು ರಾಳವೇ, ಪಾಲಿಮರ್ ರಸಾಯನಶಾಸ್ತ್ರಕ್ಕೆ ಹೆಸರು ಬೀಳುವ ಮೊದಲೇ ಕಲಘಟಗಿಯಲ್ಲಿ ಹರಿದಿದ್ದು. ಪರೀಕ್ಷೆ ಸರಳ: ಸರಣಿಯ ಮೊದಲ ವೇಗವನ್ನು ಕೊನೆಯಲ್ಲಿ ಮತ್ತೊಮ್ಮೆ ಓಡಿಸಿ. ಎರಡು ಸಂಖ್ಯೆ ಹೊಂದದಿದ್ದರೆ ನಡುವಿನ ಅಷ್ಟೂ ಸಂಖ್ಯೆ ಅನುಮಾನಾಸ್ಪದ.

ಒಣಗಿಸುವುದೂ ಇಲ್ಲೇ ಬರುತ್ತದೆ. ನೈಲಾನ್, ಪಿಇಟಿ ಒಣಗಿಸದೆ ಬ್ಯಾರಲ್ಲಿಗೆ ಹಾಕಿದರೆ ತೇವಾಂಶ ಸರಪಳಿ ಕತ್ತರಿಸುತ್ತದೆ. ಪಾಲಿಎಥಿಲೀನ್‌ಗೆ ಆ ಭಯವಿಲ್ಲ ಎನ್ನುತ್ತಾರೆ. ಆದರೆ ಪೈಪಿನ ಪಾಲಿಎಥಿಲೀನ್‌ನಲ್ಲಿ ಬಿಸಿಲು ತಡೆಯಲು ಶೇ. 2.5 ಆಸುಪಾಸು ಕಾರ್ಬನ್ ಬ್ಲ್ಯಾಕ್ ಇರುತ್ತದೆ, ಅದರ ಮಾಸ್ಟರ್‌ಬ್ಯಾಚ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಚೀಲ ಬಿಚ್ಚಿಟ್ಟರೆ ಗುಳ್ಳೆ ಖಾತ್ರಿ.

10. ಪಿವಿಸಿಗೆ ಬೇರೆ ಕಾನೂನು

ಪಿವಿಸಿ ಬಿಸಿಗೆ ಒಡೆದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಬಿಡುತ್ತದೆ. ಅದು ಕಣ್ಣು ಗಂಟಲು ಉರಿಸುತ್ತದೆ, ಬ್ಯಾರಲ್ ತಿನ್ನುತ್ತದೆ. ಪಿವಿಸಿಯನ್ನು ಬಿಸಿ ಬ್ಯಾರಲ್ಲಿನಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು. ಮುಗಿದ ಕೂಡಲೇ ಪಾಲಿಎಥಿಲೀನ್ ಹಾಕಿ ತೊಳೆಯಿರಿ. ಪಿವಿಸಿ ಮತ್ತು ಅಸಿಟಾಲ್ ಎಂಬ ಪ್ಲಾಸ್ಟಿಕ್ ಒಂದೇ ಬ್ಯಾರಲ್ಲಿನಲ್ಲಿ ಎಂದೂ ಕೂಡಬಾರದು. ಆ ಆಮ್ಲ ಅಸಿಟಾಲನ್ನು ಜೋರಾಗಿ ಒಡೆಯಿಸಿ ಅನಿಲ ಉಕ್ಕಿಸುತ್ತದೆ. ಕರೆಂಟ್ ಹೋಗುವ ಊರುಗಳಲ್ಲಿ ಮೊದಲ ಕೆಲಸ ಬ್ಯಾರಲ್ ಖಾಲಿ ಮಾಡುವುದು, ಜನರೇಟರ್ ಆಮೇಲೆ. ಬ್ಯಾರಲ್ಲಿನ ಮೇಲೆ ಬಗ್ಗಿ ಒಳಗೆ ಇಣುಕುವ ಚಟ ಯಾರಿಗಿದ್ದರೂ ಬಿಡಿಸಿ. ಸಿಕ್ಕಿಕೊಂಡ ಗಾಳಿ ಸಿಡಿದರೆ ಇನ್ನೂರು ಡಿಗ್ರಿಯ ಕರಗು ಮುಖಕ್ಕೆ ಬರುತ್ತದೆ.

11. ದಾರವನ್ನು ಕೈಗೆತ್ತಿಕೊಂಡು ನೋಡಿ

ಡೈಯಿಂದ ಬರುವ ದಾರವನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಆರಿಸಿ ಬೆರಳಲ್ಲಿ ಸವರಿ. ಎಲ್‌ಎಲ್‌ಡಿಪಿಇಯಲ್ಲಿ ಗೋಡೆಯ ಶಿಯರ್ ಸ್ಟ್ರೆಸ್ ಸುಮಾರು 0.1 ಮೆಗಾಪಾಸ್ಕಲ್ ದಾಟಿದರೆ ಮೈ ಮಂಜಾಗಿ ಒರಟಾಗುತ್ತದೆ. ಕಾರ್ಖಾನೆಯವರು ಶಾರ್ಕ್‌ಸ್ಕಿನ್ ಎನ್ನುತ್ತಾರೆ. ಇನ್ನೂ ಏರಿದರೆ ಅಂಟುವುದು, ಜಾರುವುದು ಸರದಿಯ ಮೇಲೆ ಬಂದು ಒತ್ತಡದ ಗೀಟು ಗರಗಸವಾಗುತ್ತದೆ. ಆಮೇಲೆ ದಾರವೇ ತಿರುಚಿ ಮುರಿಯುತ್ತದೆ. ಇದಾದ ಮೇಲೆ ಬಂದ ಸ್ನಿಗ್ಧತೆಯ ಸಂಖ್ಯೆಗೆ ಅರ್ಥವಿಲ್ಲ, ಸಾಫ್ಟ್‌ವೇರ್ ಮುದ್ರಿಸುವುದನ್ನು ನಿಲ್ಲಿಸದಿದ್ದರೂ. ನಿಮಿಷಕ್ಕೆ ಬಂದ ದಾರವನ್ನು ತೂಗಿ ಪಿಸ್ಟನ್ ಲೆಕ್ಕದ ಜೊತೆ ತಾಳೆ ನೋಡಿ. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ.

12. ಅಗ್ಗದ ದ್ರವದಲ್ಲಿ ಕೈ ಪಳಗಿಸಿ, ದುಬಾರಿ ಯಂತ್ರ ಇರುವಲ್ಲಿಗೆ ಪ್ರಶ್ನೆ ಹಿಡಿದು ಹೋಗಿ

ಅಧಿಕ ಒತ್ತಡದ ಯಂತ್ರ ಎಲ್ಲರ ಕೈಗೆ ಸಿಗುವುದಿಲ್ಲ. ಸಿಗುವ ತನಕ ಗಾಜಿನ ವಿಸ್ಕೋಮೀಟರ್ ಸಾಕು. ಅಣ್ಣಿಗೇರಿಯ ಕುಸುಬಿ ಎಣ್ಣೆ ತಂದು 25, 35, 45 ಡಿಗ್ರಿಗಳಲ್ಲಿ ಅಳೆಯಿರಿ. ನೀರಿನ ತೊಟ್ಟಿಯ ಉಷ್ಣತೆ ಕಾಲು ಡಿಗ್ರಿ ಆಚೀಚೆ ಆದರೆ ಸಂಖ್ಯೆ ಹೇಗೆ ಓಡುತ್ತದೆ ಎಂಬುದು ಕಾಣುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮಿನಭಾವಿ ಮತ್ತು ಅವರ ವಿದ್ಯಾರ್ಥಿಗಳು ಎರಡೆರಡು ದ್ರವ ಬೆರೆಸಿ ಸಾಂದ್ರತೆ, ಸ್ನಿಗ್ಧತೆ ಅಳೆದ ಕೋಷ್ಟಕಗಳು 1990ರ ದಶಕದಲ್ಲಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಸಾಲುಸಾಲಾಗಿ ಬಂದವು. ಒತ್ತಡ ಅಲ್ಲಿ ಸಾಮಾನ್ಯ ಗಾಳಿಯದೇ. ಶಿಸ್ತು ಮಾತ್ರ ಇದೇ ಶಿಸ್ತು.

ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್‌ನಲ್ಲಿ ಪರೀಕ್ಷೆ, ತರಬೇತಿ ಎರಡೂ ಇವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಅಲ್ಲಿ ನಿರ್ದೇಶಕರಾಗಿದ್ದ ಮಾಶೇಲ್ಕರ್ ಅವರ ಕಾಲದಿಂದ ರಿಯಾಲಜಿಗೆ, ಅಂದರೆ ಹರಿವಿನ ವಿಜ್ಞಾನಕ್ಕೆ, ದೇಶದ ಹೆಸರಾಂತ ಮನೆ. ಧಾರವಾಡದಲ್ಲೇ ಐಐಟಿ ಇದೆ, ಹುಬ್ಬಳ್ಳಿಯಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿಗೆ ಹೋಗುವಾಗ 'ಸ್ನಿಗ್ಧತೆ ಅಳೆದುಕೊಡಿ' ಎನ್ನಬೇಡಿ. 'ನಮ್ಮ ಡೈಯಲ್ಲಿ 250 ಬಾರ್, ಉಷ್ಣತೆ 200, ಶಿಯರ್ ರೇಟ್ ಸೆಕೆಂಡಿಗೆ 100. ಅಲ್ಲಿ ಈ ಎರಡು ಗ್ರೇಡ್‌ಗಳಲ್ಲಿ ಯಾವುದು ಸುಲಭವಾಗಿ ಹರಿಯುತ್ತದೆ?' ಎಂದು ಕೇಳಿ. ಹಳ್ಳಿಯಿಂದ ಬಂದವರು, ಇಂಗ್ಲಿಷ್ ಬಾರದವರು ಎಂಬ ಹಿಂಜರಿಕೆ ಇಂಥ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಎದುರು ಕೂತವರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

13. ಸಂಖ್ಯೆಯ ಪಕ್ಕ ಅದರ ವಿಳಾಸ ಬರೆಯಿರಿ

ವರದಿಯಲ್ಲಿ ಸ್ನಿಗ್ಧತೆ ಒಂಟಿಯಾಗಿ ಹೋಗಬಾರದು. ಪ್ಲಾಸ್ಟಿಕ್‌ನ ಗ್ರೇಡ್ ಮತ್ತು ಬ್ಯಾಚ್, ಒಣಗಿಸಿದ ರೀತಿ, ಉಷ್ಣತೆ, ಡೈಯ ಅಳೆದ ವ್ಯಾಸ ಮತ್ತು ಉದ್ದ, ಸೆನ್ಸರಿನ ಶ್ರೇಣಿ, ಶಿಯರ್ ರೇಟ್, ಡೈಯ ಮೇಲಿನ ಒತ್ತಡ ಮತ್ತು ಸರಾಸರಿ ಒತ್ತಡ, ಯಾವ ತಿದ್ದುಪಡಿ ಮಾಡಿದಿರಿ, ಯಾವುದನ್ನು ಮಾಡಲಿಲ್ಲ, ಯಾವ ಮಾನಕ ಅನುಸರಿಸಿದಿರಿ. ಕ್ಯಾಪಿಲರಿಗೆ ಐಎಸ್‌ಒ 11443, ಎಂಎಫ್‌ಐಗೆ ಐಎಸ್‌ಒ 1133. ಎಂಎಫ್‌ಐ ಬರೆಯುವಾಗ ತೂಕ ಹೇಳದೆ ಬರೆಯಬೇಡಿ. ಪೈಪಿನ ಗಟ್ಟಿ ಗ್ರೇಡ್‌ಗಳನ್ನು 2.16ರಲ್ಲಿ ಅಲ್ಲ, 5 ಕೆಜಿಯಲ್ಲಿ ಅಳೆಯುತ್ತಾರೆ, ಎರಡರ ಸಂಖ್ಯೆಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟರೆ ಖರೀದಿ ವಿಭಾಗ ಮೊದಲ ಪುಟದಲ್ಲೇ ಮೋಸಹೋಗುತ್ತದೆ. ಬ್ಯಾಗ್ಲಿ ಗೀಟನ್ನು ಎಲ್ಲ ಬಿಂದುಗಳ ಸಮೇತ ಲಗತ್ತಿಸಿ, ಬಾಗಿದ್ದರೆ ಬಾಗಿದಂತೆಯೇ.